ಅಟ್ಟದ ಮೇಲಿನ ಹಾರ್ಮೋನಿಯಂ ಕೆಳಗಿಳಿಸುವಷ್ಟು ಟೈಮ್ ನಿಮಗೆಲ್ಲಾ ಎಲ್ಲಿ ಸಿಗುತ್ತದೆ?

ಹಳೇ_ಪೆಟ್ಟಿಗೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುವುದಕ್ಕಿಂತ ಓದುವುದೇ ಜಾಸ್ತಿ. ಇವತ್ತು ಒಂದು ಕೇಳಬೇಕಿದೆ. ಸ್ವಲ್ಪ ಉದ್ದ ಆಗಬಹುದು, ಬೈಯಬೇಡಿ.

ನನಗೆ 41 ವರ್ಷ. ವಿದ್ಯಾನಗರದ ಕಡೆ ಮನೆ. ಒಂದು ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಯಜಮಾನರು, ಅತ್ತೆ, ಇಬ್ಬರು ಮಕ್ಕಳು. ದೊಡ್ಡವಳದು ಈ ವರ್ಷ ಎಸ್ಸೆಸ್ಸೆಲ್ಸಿ, ಅಂದರೆ ಮನೆಯಲ್ಲಿ ಮಿಕ್ಸಿ ಹಾಕುವುದಕ್ಕೂ ಪರ್ಮಿಷನ್ ಕೇಳಬೇಕು.

ನಮ್ಮ ಅಜ್ಜ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಊರಿಗೆ ನಾಟಕ ಕಂಪನಿ ಬಂದು ಕ್ಯಾಂಪ್ ಹಾಕಿದರೆ ಶಿಫ್ಟ್ ಮುಗಿಸಿ ಸೀದಾ ಟೆಂಟಿಗೆ ಹೋಗಿ ಪೆಟ್ಟಿಗೆ ಮಾಸ್ತರರ (ಹಾರ್ಮೋನಿಯಂ ಬಾರಿಸುವವರ) ಪಕ್ಕ ಕೂರುತ್ತಿದ್ದರಂತೆ. ರಂಗನಟಿ ಚಿಂದೋಡಿ ಲೀಲಾ ಅವರ ಊರು ಇದು, ಇಲ್ಲಿ ಹಳೆಯ ಮಂದಿಗೆಲ್ಲಾ ರಂಗಗೀತೆಯ ಹುಚ್ಚು ಸ್ವಲ್ಪ ಇದ್ದೇ ಇರುತ್ತದೆ. ಅಜ್ಜ ನೋಡಿ ನೋಡಿಯೇ ಹಾರ್ಮೋನಿಯಂ ಕಲಿತರು. ನನಗೆ ಎಂಟನೇ ವಯಸ್ಸಿನಲ್ಲಿ ಅವರೇ ಸರಿಗಮ ಹೇಳಿಕೊಟ್ಟರು. ನಾನೇನು ದೊಡ್ಡ ಕಲಾವಿದೆ ಅಲ್ಲ. ಭೂಪ್, ಭೀಮಪಲಾಸ್ ರಾಗ, ನಾಲ್ಕು ವಚನ, ಐದಾರು ರಂಗಗೀತೆ, ಅಷ್ಟೇ. ಆದರೆ ಅದನ್ನು ಬಾರಿಸುವಾಗ ನಾನು ಯಾರ ತಾಯಿಯೂ ಅಲ್ಲ, ಯಾರ ಕ್ಯಾಷಿಯರೂ ಅಲ್ಲ. ಹೇಗೆ ಹೇಳಬೇಕೋ ಗೊತ್ತಾಗುತ್ತಿಲ್ಲ, ನಿಮಗೆ ಅರ್ಥ ಆಗುತ್ತದೆ ಅಲ್ವಾ?

ಅಜ್ಜನ ಪೆಟ್ಟಿಗೆ ಈಗ ನನ್ನ ಹತ್ತಿರವೇ ಇದೆ. ಬೆಡ್‌ರೂಮಿನ ಅಟ್ಟದ ಮೇಲೆ. ಅದರ ಮುಂದೆ ಗೌರಿ ಹಬ್ಬದ ಸಾಮಾನಿನ ಡಬ್ಬ, ಮೇಲೆ ಎರಡು ರಗ್ಗು, ಪಕ್ಕದಲ್ಲಿ ಮಗನ ಹಳೇ ಮೂರು ಗಾಲಿ ಸೈಕಲ್. ಕೊನೆಯ ಸಲ ಕೆಳಗಿಳಿಸಿ ಆರು ವರ್ಷ ಆಯಿತು.

ಹೋದ ಭಾನುವಾರದ ಲೆಕ್ಕ ಕೊಡುತ್ತೇನೆ, ನೀವೇ ನೋಡಿ. ಶನಿವಾರ ರಾತ್ರಿಯೇ ನಿರ್ಧಾರ ಮಾಡಿದ್ದೆ, ನಾಳೆ ಏನಾದರೂ ಆಗಲಿ ಪೆಟ್ಟಿಗೆ ತೆಗೆಯುವುದೇ ಅಂತ. ಬೆಳಿಗ್ಗೆ ಏಳಕ್ಕೆ ಯಜಮಾನರ ಅತ್ತಿಗೆ ಮನೆಯವರು ಬೆಂಗಳೂರಿನಿಂದ ಬಂದರು. ದಾವಣಗೆರೆಗೆ ಬಂದವರು ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾರಾ? ಬೆಣ್ಣೆ ದೋಸೆಗೆ ಹೋದೆವು. ಭಾನುವಾರದ ರಶ್ಶು, ಟೇಬಲ್ ಹಿಂದೆ ಮುಕ್ಕಾಲು ಗಂಟೆ ನಿಂತು ತಿಂದೆವು. ಬರುತ್ತಾ ತರಕಾರಿ. ಮಧ್ಯಾಹ್ನ ಹೋಳಿಗೆ. ಅವರು ಹೊರಟಿದ್ದು ನಾಲ್ಕಕ್ಕೆ. ಆಮೇಲೆ ಬಟ್ಟೆ, ಪಾತ್ರೆ, ವಾರಕ್ಕೆ ಆಗುವಷ್ಟು ಚಟ್ನಿ ಪುಡಿ. ರಾತ್ರಿ ಒಂಬತ್ತಕ್ಕೆ ಸ್ಟೂಲ್ ಹಾಕಿಕೊಂಡು ಹತ್ತಿದೆ. ರಗ್ಗು ಸರಿಸಿ ಪೆಟ್ಟಿಗೆಯ ಹಿಡಿಗೆ ಕೈ ಹಾಕಿದ್ದೇನೆ, ಮಗ ಓಡಿ ಬಂದು “ಅಮ್ಮಾ ನಾಳೆ ಚಾರ್ಟ್ ತಗೊಂಡು ಹೋಗಬೇಕು, ಹೃದಯದ ಚಿತ್ರ” ಅಂದ. ಇಳಿದೆ. ಹೃದಯ ಬರೆದೆ.

ಇಲ್ಲಿಯವರೆಗೆ ಓದಿದರೆ ನನ್ನದೇನೂ ತಪ್ಪಿಲ್ಲ ಅನ್ನಿಸುತ್ತದೆ. ನಿಜ ಹೇಳಬೇಕೆಂದರೆ ಹತ್ತೂಕಾಲಿಗೆ ಎಲ್ಲಾ ಮುಗಿದಿತ್ತು. ಆಮೇಲೆ ಹಾಸಿಗೆಯಲ್ಲಿ ಕೂತು ಯಾರೋ ಒಬ್ಬಳು ತನ್ನ ಅಡುಗೆಮನೆಯ ಡಬ್ಬ ಜೋಡಿಸುವುದನ್ನು ಐವತ್ತು ನಿಮಿಷ ಫೋನಿನಲ್ಲಿ ನೋಡಿದೆ. ನನ್ನ ಅಡುಗೆಮನೆಯಲ್ಲೇ ಡಬ್ಬ ಇಲ್ಲವಾ?

ಅಜ್ಜನಿಗೆ ಸೈರನ್ ಇತ್ತು. ಕೂಗಿತು, ಕೆಲಸ ಮುಗಿಯಿತು. ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪು ರಾತ್ರಿ ಹತ್ತಕ್ಕೂ ಟಿಂಗ್ ಅನ್ನುತ್ತದೆ. ನೀವೆಲ್ಲಾ ಕೆಲಸ, ಮನೆ ಇಟ್ಟುಕೊಂಡು ನಿಮಗೆ ಇಷ್ಟವಾದದ್ದನ್ನು ಹೇಗೆ ಮಾಡುತ್ತೀರಿ? ಪುಸ್ತಕದಲ್ಲಿ ಬರೆದಂಥದ್ದು ಬೇಡ. ನೀವು ಮಾಡಿ ನೋಡಿದ್ದು ಹೇಳಿ.

ಬೆಳಗಿನ_ಓಟ:

ಮೇಡಂ, ಸಿಂಪಲ್. ನಾಲ್ಕೂವರೆಗೆ ಏಳಿ. ನಾನು ಮೂರು ವರ್ಷದಿಂದ ಏಳುತ್ತಿದ್ದೇನೆ. ಕುಂದವಾಡ ಕೆರೆಗೆ ಹೋಗಿ ಓಡಿ, ಆರೂವರೆಗೆ ಮನೆ, ಕಾಫಿ, ಪೇಪರ್. ಇಡೀ ದಿನ ಫ್ರೆಶ್. ಮನಸ್ಸಿದ್ದರೆ ಮಾರ್ಗ.

ಹಳೇ_ಪೆಟ್ಟಿಗೆ:

ಸರ್, ಓಡಿದರೆ ಸದ್ದಾಗುವುದಿಲ್ಲ. ನಾಲ್ಕೂವರೆಗೆ ನಾನು ಹಾರ್ಮೋನಿಯಂ ಶುರು ಮಾಡಿದರೆ ಪಕ್ಕದ ಮನೆಯವರು ಕಂಪೌಂಡ್ ಹಾರಿ ಬರುತ್ತಾರೆ. ಇನ್ನೊಂದು, ಆರೂವರೆಗೆ ನೀವು ಬಂದಾಗ ಆ ಕಾಫಿ ಯಾರು ಮಾಡಿರುತ್ತಾರೆ? ಸುಮ್ನೆ ಕೇಳಿದೆ.

ಬೆಳಗಿನ_ಓಟ:

ಅಮ್ಮ. ಸರಿ, ಗೊತ್ತಾಯಿತು.

ಮಂಡಿ_ಗುಮಾಸ್ತ:

ಅಕ್ಕಾ, ನಾನು ಎಪಿಎಂಸಿಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಎಲ್ಲರೂ “ದಿನಾ ಅರ್ಧ ಗಂಟೆ ಮೀಸಲಿಡಿ” ಅಂತ ಹೇಳುತ್ತಾರೆ ನೋಡಿ, ಅದು ನನಗೆ ಯಾವತ್ತೂ ಆಗಿಲ್ಲ. ಮೆಕ್ಕೆಜೋಳದ ಸೀಸನ್ನಿನಲ್ಲಿ, ದಸರಾ ಕಳೆದ ಮೇಲಿಂದ ಸಂಕ್ರಾಂತಿ ತನಕ ಅನ್ನಿ, ನನಗೆ ಊಟಕ್ಕೇ ಹೊತ್ತಿಲ್ಲ. ಟ್ರ್ಯಾಕ್ಟರ್ ಮೇಲೆ ಟ್ರ್ಯಾಕ್ಟರ್ ಬರುತ್ತದೆ, ತೂಕ ಆಗಬೇಕು, ತೇವ ನೋಡಬೇಕು, ಹಮಾಲರ ಕೂಲಿ ಚೀಟಿ ಆಗಬೇಕು, ರೈತರಿಗೆ ಪಟ್ಟಿ ಬರೆದು ಕೊಡಬೇಕು, ಲಾರಿ ಲೋಡ್ ಆಗುವ ತನಕ ಅಂಗಡಿ ಬಿಟ್ಟು ಅಲ್ಲಾಡುವ ಹಾಗಿಲ್ಲ. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಂಡರೆ ಬಚ್ಚಲಲ್ಲಿ ಜೋಳದ ಹೊಟ್ಟು. ಆಗ ಯಾರಾದರೂ ನನಗೆ ಹವ್ಯಾಸದ ಬಗ್ಗೆ ಹೇಳಿದರೆ ಚೀಲ ಎತ್ತಿ ಹಾಕುತ್ತೇನೆ ಅವರ ಮೇಲೆ.

ನನಗೆ ಇರುವ ಹುಚ್ಚು ನಾಟಕ. ನಮ್ಮೂರು ದಾವಣಗೆರೆಯಿಂದ ಹದಿನೆಂಟು ಕಿಲೋಮೀಟರ್. ಬೇಸಿಗೆ ಜಾತ್ರೆಗೆ ಪ್ರತಿ ವರ್ಷ ಪೌರಾಣಿಕ ನಾಟಕ ಆಡುತ್ತೇವೆ. ಸಂಕ್ರಾಂತಿ ಆದ ವಾರವೇ ತಾಲೀಮು ಶುರು. ರಾತ್ರಿ ಒಂಬತ್ತರಿಂದ ಹನ್ನೆರಡು, ದೇವಸ್ಥಾನದ ಕಟ್ಟೆ ಮೇಲೆ. ಆ ಎರಡು ತಿಂಗಳು ನಾನು ಬೇರೆಯೇ ಮನುಷ್ಯ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾ ದುರ್ಯೋಧನನ ಮಾತು ಗುನುಗುತ್ತಿರುತ್ತೇನೆ, ಸಾಹುಕಾರರು ಒಮ್ಮೆ ನನಗೇ ಬೈಯುತ್ತಿದ್ದಾನೆ ಅಂದುಕೊಂಡು ಎದ್ದು ಬಂದಿದ್ದರು.

ಹಾಗಾಗಿ ದಿನದ ಲೆಕ್ಕ ಬಿಡಿ, ವರ್ಷದ ಲೆಕ್ಕ ಹಾಕಿ. ಮಗಳ ಪರೀಕ್ಷೆ ಮುಗಿಯುವ ತನಕ ಬೇಡವೇ ಬೇಡ ಅಂತ ನೀವೇ ಹೇಳಿಬಿಡಿ. ಅದು ಸೋಲಲ್ಲ, ಹೊಲ ಪಾಳು ಬಿಟ್ಟ ಹಾಗೂ ಅಲ್ಲ. ಏಪ್ರಿಲ್‌ನಿಂದ ಮಾಡಿ. ಒಂದು ಮಾತು ಮಾತ್ರ. ನಮಗೆ ಜಾತ್ರೆಯ ದಿನ ಅಂತ ಒಂದಿದೆ, ಅದನ್ನು ಮುಂದೂಡಲು ಬರುವುದಿಲ್ಲ. ಊರವರು ಬೋರ್ಡ್ ಬರೆಸಿಬಿಟ್ಟಿರುತ್ತಾರೆ. ನಿಮಗೂ ಅಂಥ ಒಂದು ದಿನ ಬೇಕು, ಇಲ್ಲವಾದರೆ ಏಪ್ರಿಲ್ ಹೋಗಿ ಮೇ ಆಗುತ್ತದೆ. ನಮ್ಮ ಪೆಟ್ಟಿಗೆ ಮಾಸ್ತರರಿಗೆ ವಯಸ್ಸಾಗಿದೆ, ಅವರ ಹೆಸರಿನಲ್ಲಿ ಕೇಳುತ್ತಿಲ್ಲ, ಆದರೂ ಮುಂದಿನ ವರ್ಷಕ್ಕೆ ನಮಗೊಬ್ಬರು ಬೇಕಾಗಬಹುದು. ಹೇಳಿಟ್ಟಿರುತ್ತೇನೆ.

ಕಲ್ಲಿನಕೋಟೆ_ಪಕ್ಕದ್ಮನೆ:

ಚಿತ್ರದುರ್ಗದಿಂದ. ಮೇಲಿನವರ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ.

ನಾನು ದಿನಾ ದುರ್ಗದಿಂದ ದಾವಣಗೆರೆಗೆ ಕೆಲಸಕ್ಕೆ ಬರುವವನು. ಹೋಗುವುದು ಅರವತ್ತು, ಬರುವುದು ಅರವತ್ತು ಕಿಲೋಮೀಟರ್, ಹತ್ತಿರ ಹತ್ತಿರ ಮೂರು ಗಂಟೆ ಬಸ್ಸಿಗೇ. ಚಿತ್ರ ಬರೆಯುವುದು ನನಗೆ ಇಷ್ಟ. ಪೆನ್ಸಿಲ್ಲಿನಲ್ಲಿ ಕಲ್ಲು ಬರೆಯುತ್ತೇನೆ. ಹೌದು, ಕಲ್ಲು. ದುರ್ಗದಲ್ಲಿ ಬೇರೆ ಏನು ಬರೆಯಲಿ? “ಬಸ್ಸಿನಲ್ಲಿ ಟೈಮ್ ಇರುತ್ತಲ್ಲ, ಅಲ್ಲೇ ಬರಿ” ಅಂತ ಎಲ್ಲರೂ ಹೇಳುತ್ತಾರೆ. ಅಲುಗಾಡುವ ಬಸ್ಸಿನಲ್ಲಿ ಬರೆದರೆ ಕೋಟೆ ಬುರುಜು ಇಡ್ಲಿ ಥರ ಬರುತ್ತದೆ. ಖಾಲಿ ಸಮಯ ಇದ್ದ ಮಾತ್ರಕ್ಕೆ ಅದು ನಿಮ್ಮ ಕೆಲಸಕ್ಕೆ ಆಗುವ ಸಮಯ ಅಲ್ಲ. ಬಸ್ಸಿನಲ್ಲಿ ಈಗ ನಿದ್ದೆ ಮಾಡುತ್ತೇನೆ, ನಾಚಿಕೆ ಇಲ್ಲದೆ. ಆ ನಿದ್ದೆಯಿಂದ ಉಳಿದದ್ದನ್ನು ರಜೆಯ ದಿನ ಖರ್ಚು ಮಾಡುತ್ತೇನೆ.

ನಮ್ಮ ಮನೆಯಿಂದ ಕೋಟೆ ಬಾಗಿಲಿಗೆ ನಡೆದರೆ ಹದಿನೈದು ನಿಮಿಷ. ಐದು ವರ್ಷ ನಾನು ಕೋಟೆ ಹತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಹಾಗೆ. ಚಂದ್ರವಳ್ಳಿಯೂ ಅಷ್ಟೇ. ಅಲ್ಲಿ ಬಂಡೆಯ ಮೇಲೆ ಮಯೂರಶರ್ಮನ ಶಾಸನ ಇದೆ, 1947ರಲ್ಲಿ ಪುರಾತತ್ವದ ಮಾರ್ಟಿಮರ್ ವೀಲರ್ ಬಂದು ಅಗೆಸಿದ ಜಾಗ, ಎಲ್ಲೆಲ್ಲಿಯವರೋ ಬಂದು ನೋಡಿ ಹೋಗುತ್ತಾರೆ, ನಾನು ಸ್ಕೂಟರಿನಲ್ಲಿ ಅದರ ದಾರಿ ದಾಟಿ ಹಾಲು ತರಲು ಹೋಗುತ್ತಿದ್ದೆ.

ನನಗೆ ಬುದ್ಧಿ ಬಂದದ್ದು ಮಾರಿಕಣಿವೆಯಿಂದ. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟು. 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ನಮ್ಮಪ್ಪ ತಮ್ಮ ಅಪ್ಪನ ಬಾಯಿಂದ ಆ ಕಥೆ ಕೇಳಿದ್ದರು, ತಾವು ನೋಡದೆಯೇ ಹೋದರು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷ ಆದ ಮೇಲೆ. ಆಗ ನಮ್ಮ ಜಿಲ್ಲೆಯಲ್ಲಿ ನೀವಿರಬೇಕಿತ್ತು. ಸಾಲ ಕೇಳಲು ಹೋದರೆ ಟೈಮ್ ಇಲ್ಲ ಅನ್ನುವವರು, ಮದುವೆಗೆ ಕರೆದರೆ ಬಿಡುವಿಲ್ಲ ಅನ್ನುವವರು, ಎಲ್ಲರೂ ಬುತ್ತಿ ಕಟ್ಟಿಕೊಂಡು ಹಿರಿಯೂರಿನ ಕಡೆ. ನಮ್ಮ ಓಣಿಯಲ್ಲಿ ಮಂಡಿ ನೋವಿನ ಅಜ್ಜಿ ಒಬ್ಬರು, ದೇವಸ್ಥಾನಕ್ಕೇ ಬರುವುದಿಲ್ಲ, ಟೆಂಪೋದಲ್ಲಿ ಮುಂದಿನ ಸೀಟು ಹಿಡಿದು ಕೂತಿದ್ದರು. ಯಾಕೆಂದರೆ ನೀರು ಕಾಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ನಾನೂ ರಜೆ ಹಾಕಿ ಹೋದೆ, ಕೋಡಿಯ ಪಕ್ಕ ಮೂರು ಗಂಟೆ ಕೂತು ಬರೆದೆ, ಪೇಪರೆಲ್ಲಾ ಒದ್ದೆ. (ತಮಾಷೆ ಏನೆಂದರೆ 2025ರ ಜನವರಿಯಲ್ಲಿ ಅದು ಮತ್ತೆ ಕೋಡಿ ಬಿತ್ತು. ಆಗ ಅರ್ಧ ಜನ “ಹೋದ ಸಲ ನೋಡಿದ್ದೀವಲ್ಲ” ಅಂತ ಮನೆಯಲ್ಲೇ ಇದ್ದರು.)

ಕಲ್ಲು ಕಾಯುತ್ತದೆ, ಅದೇ ತೊಂದರೆ. ಪೆಟ್ಟಿಗೆಯೂ ಕಾಯುತ್ತದೆ. ನಾನೀಗ ಎರಡನೇ ಶನಿವಾರ ಬೆಳಿಗ್ಗೆ ಅಂತ ಗಂಟು ಹಾಕಿಕೊಂಡಿದ್ದೇನೆ. ತಿಂಗಳಿಗೆ ಒಂದೇ. ಒಂದೇ ಬಂಡೆ. ಅಕ್ಕತಂಗಿ ಹೊಂಡದ ಹತ್ತಿರ ಉಳಿ ಏಟಿನ ಗುರುತು ಸಾಲಾಗಿ ಇರುವ ಬಂಡೆಯೊಂದಿದೆ, ಅದನ್ನೇ ನಾಲ್ಕು ತಿಂಗಳಿನಿಂದ ಬರೆಯುತ್ತಿದ್ದೇನೆ. ಬೆಳಿಗ್ಗೆ ಎಂಟರ ಬಿಸಿಲಿಗೆ ಆ ಗುರುತುಗಳ ಒಳಗೆ ನೆರಳು ನಿಲ್ಲುತ್ತದೆ, ಒಂಬತ್ತೂವರೆಗೆ ಹೋಗಿಬಿಡುತ್ತದೆ. ಹಾಗಾಗಿ ಎಂಟಕ್ಕೇ ಇರಬೇಕು. ಬಿಸಿಲು ನನ್ನ ಸೈರನ್.

ಪಿಜೆ_ಪೋರ:

ಆಂಟಿ ರೀಲ್ಸ್ ಮಾಡಿ ಹಾಕಿ. ಅಜ್ಜನ ಹಾರ್ಮೋನಿಯಂ, ಹಳೇ ರಂಗಗೀತೆ, ಹಿಂದೆ ಕಿಟಕಿ ಬೆಳಕು. ಪಕ್ಕಾ ಓಡುತ್ತೆ. ದುಡ್ಡು ಬಂದರೆ ಮನೆಯವರೇ ಟೈಮ್ ಕೊಡ್ತಾರೆ.

ತಿದಿ_ರೀಡು:

ಪೋರನಿಗೆ ಮೊದಲು ಉತ್ತರ. ನನ್ನ ತಮ್ಮ ಹಾಗೇ ಮಾಡಿದ. ಕೊಳಲು ಚೆನ್ನಾಗಿ ನುಡಿಸುತ್ತಿದ್ದ. ಈಗ ಅವನು ಕೊಳಲಿಗಿಂತ ಜಾಸ್ತಿ ಹೊತ್ತು ಟ್ರೈಪಾಡ್ ಹಿಡಿದಿರುತ್ತಾನೆ. ಹಾಕುವವರು ಹಾಕಲಿ, ಆದರೆ ಟೈಮ್ ಇಲ್ಲದವರಿಗೆ ಇನ್ನೊಂದು ಕೆಲಸ ಹಚ್ಚಬೇಡಪ್ಪಾ.

ಹಳೇ ಪೆಟ್ಟಿಗೆ ಅವರೇ, ನಾನು ಮೂವತ್ತು ವರ್ಷದಿಂದ ಹಾರ್ಮೋನಿಯಂ ರಿಪೇರಿ ಮಾಡುವವನು, ಭಜನೆಗೂ ಬಾರಿಸುತ್ತೇನೆ. ನಿಮ್ಮ ಕಥೆ ಓದಿ ನನಗೆ ಟೈಮಿನ ಪ್ರಶ್ನೆಯೇ ಕಾಣಲಿಲ್ಲ. ಕಂಡಿದ್ದು ಅಟ್ಟ. ಸ್ಟೂಲು ತರಬೇಕು, ಡಬ್ಬ ಸರಿಸಬೇಕು, ರಗ್ಗು ತೆಗೆಯಬೇಕು, ಹತ್ತು ಹನ್ನೆರಡು ಕೆ.ಜಿ. ತೂಕ ತಲೆ ಮೇಲಿಂದ ಇಳಿಸಬೇಕು, ಧೂಳು ಒರೆಸಬೇಕು, ಬಾರಿಸಿ ಮತ್ತೆ ಎಲ್ಲಾ ವಾಪಸ್. ಇಪ್ಪತ್ತು ನಿಮಿಷ ಬಾರಿಸಲು ಅರ್ಧ ಗಂಟೆ ಹಮಾಲಿ. ನಾನಾದರೂ ಫೋನೇ ನೋಡುತ್ತಿದ್ದೆ. ಫೋನು ಕೈಯಲ್ಲೇ ಇರುತ್ತದೆ, ಅಟ್ಟದ ಮೇಲೆ ಇಟ್ಟು ನೋಡಿ, ಅದನ್ನೂ ಯಾರೂ ನೋಡುವುದಿಲ್ಲ.

ನನ್ನ ಗಿರಾಕಿಗಳಲ್ಲಿ ನೋಡಿದ್ದೇನೆ. ಯಾರ ಪೆಟ್ಟಿಗೆ ಹಾಲಿನಲ್ಲೋ ದೇವರ ಮನೆ ಪಕ್ಕವೋ ಕೈಗೆ ಸಿಗುವ ಹಾಗೆ ಇರುತ್ತದೋ ಅವರು ಬಾರಿಸುತ್ತಾರೆ. ಗಾದ್ರೇಜ್ ಬೀರು ಮೇಲೆ ಇಟ್ಟವರು ಆಯುಧಪೂಜೆಗೆ ಕುಂಕುಮ ಹಚ್ಚುತ್ತಾರೆ, ಅಷ್ಟೇ. ನೆಲದ ಮೇಲೆ ಇಡಬೇಡಿ, ತೇವ ಎಳೆಯುತ್ತದೆ, ಇರುವೆ ಸೇರುತ್ತದೆ. ಮೊಣಕಾಲೆತ್ತರದ ಮಣೆಯೋ ಬೆಂಚೋ ಸಾಕು. ಮೇಲೆ ಹತ್ತಿ ಬಟ್ಟೆ ಹೊದಿಸಿ, ಪ್ಲಾಸ್ಟಿಕ್ ಬೇಡ.

ಈಗ ಆರು ವರ್ಷ ಸುಮ್ಮನಿದ್ದ ಪೆಟ್ಟಿಗೆಯ ವಿಷಯ. ಇಳಿಸಿದ ತಕ್ಷಣ ಬಾರಿಸಲು ಕೂರಬೇಡಿ, ಬೇಜಾರಾಗುತ್ತದೆ. ಮೊದಲು ಎಲ್ಲಾ ನಾಬ್ ಒಳಗೆ ಒತ್ತಿ, ಯಾವ ಮನೆಯನ್ನೂ (ಕೀ) ಮುಟ್ಟದೆ ತಿದಿ, ಅಂದರೆ ಹಿಂದಿನ ಗಾಳಿಚೀಲ, ನಾಲ್ಕು ಸಲ ಒತ್ತಿ ಬಿಡಿ. ಒಳಗಿನ ಗಾಳಿ ಸ್ವಲ್ಪ ಹೊತ್ತು ನಿಂತರೆ ತಿದಿ ಗಟ್ಟಿ ಇದೆ. ಬುಸ್ಸಂತ ಇಳಿದರೆ ಎಲ್ಲೋ ಚರ್ಮ ಬಿಟ್ಟಿದೆ ಅಥವಾ ಇಲಿ ಕಡಿದಿದೆ. ಆಮೇಲೆ ಒಂದು ನಾಬ್ ಎಳೆದು ಕೆಳಗಿನ ಸಪ್ತಕದಿಂದ ಒಂದೊಂದೇ ಮನೆ ಒತ್ತಿ. ಕೆಲವು ಮೂಕ ಆಗಿರುತ್ತವೆ. ಗಾಬರಿ ಬೇಡ. ರೀಡು ಅಂದರೆ ಹಿತ್ತಾಳೆಯ ತೆಳು ನಾಲಿಗೆ, ಗಾಳಿಗೆ ಅದುರಿದರೆ ಸದ್ದು. ಅದರ ಸಂದಿಯಲ್ಲಿ ಕೂದಲೆಳೆಯಷ್ಟು ಧೂಳು ಕೂತರೂ ನಾಲಿಗೆ ಅದುರುವುದಿಲ್ಲ. ಮೃದುವಾದ ಬ್ರಷ್ಷಿನಲ್ಲಿ ಆಡಿಸಿದರೆ ಅರ್ಧಕ್ಕರ್ಧ ಸರಿ ಹೋಗುತ್ತವೆ. ಒತ್ತದೆಯೇ ಕೂಗುವ ಮನೆ ಇದ್ದರೆ ಮರ ಉಬ್ಬಿ ಕೀ ಸಿಕ್ಕಿಕೊಂಡಿದೆ ಅಂತ, ಬಿಸಿಲು ಬೀಳದ ಒಣ ಜಾಗದಲ್ಲಿ ನಾಲ್ಕು ದಿನ ಇಡಿ. ಎಣ್ಣೆ ಮಾತ್ರ ಹಾಕಬೇಡಿ. ಕೊಬ್ಬರಿ ಎಣ್ಣೆ ಹಾಕಿ ತಂದವರ ಪೆಟ್ಟಿಗೆ ನೋಡಿ ನನಗೆ ಅಳು ಬಂದಿದೆ.

ಆರು ವರ್ಷ ಅಂತ ನೀವು ಕೊರಗುತ್ತಿದ್ದೀರಿ. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಅನ್ನು ಸ್ಟುಡಿಯೋದಿಂದ ಹೊರಗೆ ಹಾಕಿದ್ದರು, ನಮ್ಮ ಸಂಗೀತದ ಗಮಕ ಇದರಲ್ಲಿ ಬರುವುದಿಲ್ಲ ಅಂತ. ಮತ್ತೆ ಬಾಗಿಲು ತೆಗೆಯಲು ಶುರು ಮಾಡಿದ್ದು 1971ರಲ್ಲಿ. ಮೂವತ್ತೊಂದು ವರ್ಷ ಹೊರಗಿದ್ದೂ ಪೆಟ್ಟಿಗೆ ಸತ್ತಿಲ್ಲ. ನಾಟಕದ ಟೆಂಟಿನಲ್ಲಿ, ಭಜನೆ ಮನೆಯಲ್ಲಿ, ನಿಮ್ಮ ಅಜ್ಜನಂಥವರ ಮನೆಯಲ್ಲಿ ಬದುಕಿಕೊಂಡಿತ್ತು.

ಇಳಿಸಿ ಮೊದಲು. ಬಾರಿಸುವುದು ಆಮೇಲೆ.

ಕೌದಿ_ಅಕ್ಕ (ಹರಿಹರ):

ರಿಪೇರಿಯಣ್ಣ ಹೇಳಿದ್ದು ಸರಿ ಇದೆ. ಆದರೆ ನನಗೆ ಒಂದು ಜಗಳ ಇದೆ, ಎಲ್ಲರ ಜೊತೆಗೂ.

“ಸಮಯ ಮಾಡಿಕೊಳ್ಳಿ” ಅನ್ನುತ್ತೀರಲ್ಲ, ಸಮಯ ಏನು ಶಾವಿಗೆಯಾ, ಹಿಟ್ಟು ಕಲಸಿ ಮಾಡಿಕೊಳ್ಳಲು? ಇರುವುದನ್ನು ಎಲ್ಲಿಂದಲೋ ಕಿತ್ತುಕೊಳ್ಳಬೇಕು. ಯಾರಿಂದ ಕಿತ್ತುಕೊಳ್ಳುತ್ತೇವೆ ಅಂತ ಬಾಯಿ ಬಿಟ್ಟು ಹೇಳಬೇಕು. ಓಟದ ಸರ್ ಅವರ ಅಮ್ಮನಿಂದ ಕಿತ್ತುಕೊಂಡಿದ್ದಾರೆ. (ಸಿಟ್ಟಾಗಬೇಡಿ ಸರ್, ನೀವೇ ಒಪ್ಪಿಕೊಂಡಿರಿ.) ನಮ್ಮಂಥವರು ನಿದ್ದೆಯಿಂದ ಕಿತ್ತುಕೊಳ್ಳುತ್ತೇವೆ, ಯಾಕೆಂದರೆ ನಿದ್ದೆ ಎದುರು ಮಾತಾಡುವುದಿಲ್ಲ. ಎರಡು ವರ್ಷ ನಾನು ಹಾಗೇ ಮಾಡಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೌದಿ ಹೊಲಿಯುವುದು. ಸಕ್ಕರೆ ಕಾಯಿಲೆ ಶುರುವಾಯಿತು, ಡಾಕ್ಟರು ಮೊದಲು ಕೇಳಿದ್ದೇ ಎಷ್ಟು ಹೊತ್ತು ಮಲಗುತ್ತೀರಿ ಅಂತ.

ಕೌದಿ ಗೊತ್ತಲ್ಲ? ಹಳೇ ಸೀರೆ, ಪಂಚೆ ಪದರ ಪದರ ಹಾಸಿ, ಮೇಲೆ ಚಿಂದಿ ತುಂಡು ಜೋಡಿಸಿ ಅಂಚಿನಿಂದ ಒಳಕ್ಕೆ ಸಾಲು ಹೊಲಿಗೆ ಹಾಕುತ್ತಾ ಬರುವುದು. ಒಂದು ದೊಡ್ಡ ಕೌದಿಗೆ ನನಗೆ ಮೂರು ತಿಂಗಳು ಬೇಕು. ನೆಲದ ಮೇಲೆ ಪೂರ್ತಿ ಹರಡಬೇಕು, ಅಂದರೆ ಹಾಲ್ ನನ್ನದಾಗಬೇಕು.

ಹೋದ ವರ್ಷ ಮನೆಯಲ್ಲಿ ಹೇಳಿಬಿಟ್ಟೆ. ಮಂಗಳವಾರ, ಗುರುವಾರ ರಾತ್ರಿ ನಾನು ರೊಟ್ಟಿ ಬಡಿಯುವುದಿಲ್ಲ. ಮಂಡಕ್ಕಿ ಒಗ್ಗರಣೆ ಹಾಕಿಕೊಳ್ಳಿ. ಈ ಜಿಲ್ಲೆಯಲ್ಲಿ ಹುಟ್ಟಿ ಮಂಡಕ್ಕಿ ತಿಂದು ಯಾರಾದರೂ ಸೊರಗಿದ್ದಾರಾ? ನೆನೆಸಿ ಹಿಂಡಿ, ಈರುಳ್ಳಿ ಮೆಣಸಿನಕಾಯಿ ಒಗ್ಗರಣೆ, ಪುಟಾಣಿ ಪುಡಿ, ಹತ್ತು ನಿಮಿಷ. ಮೊದಲನೇ ಮಂಗಳವಾರ ನಮ್ಮ ಮನೆಯವರು ಮಂಡಕ್ಕಿ ನೆನೆಸಿಟ್ಟು ಫೋನಿನಲ್ಲಿ ಮಾತಾಡುತ್ತಾ ಮರೆತರು, ಅಂಬಲಿ ಆಯಿತು. ನಾನು ಎದ್ದು ಹೋಗಲಿಲ್ಲ. ಅದೇ ಕಷ್ಟದ ಕೆಲಸ ನೋಡಿ, ಹೊಲಿಗೆ ಅಲ್ಲ. ಅಡುಗೆಮನೆಯಿಂದ “ಸಾಸಿವೆ ಎಲ್ಲಿ?” ಅಂತ ಕೂಗು ಬಂದಾಗ ಸೂಜಿ ಕೆಳಗಿಡದೆ ಕೂರುವುದು. ಸಾಸಿವೆ ಇಪ್ಪತ್ತೆರಡು ವರ್ಷದಿಂದ ಅದೇ ಡಬ್ಬದಲ್ಲಿದೆ.

ಮಾತು ಕೇಳಬೇಕಾಗುತ್ತದೆ. ನಮ್ಮ ನಾದಿನಿ “ಅಂಗಡಿಯಲ್ಲಿ ಐನೂರಕ್ಕೆ ರಗ್ಗು ಸಿಗುತ್ತಲ್ಲ ವೈನೀ” ಅಂದಳು. ಸಿಗುತ್ತದೆ. ಹೊದ್ದುಕೋ ಅಂದೆ.

ಹಳೇ_ಪೆಟ್ಟಿಗೆ:

ಅಕ್ಕಾ, “ಸಾಸಿವೆ ಎಲ್ಲಿ” ಓದಿ ಬ್ಯಾಂಕಿನ ಕೌಂಟರಿನಲ್ಲಿ ನಕ್ಕುಬಿಟ್ಟೆ. ಎದುರಿಗೆ ಡಿಡಿ ಮಾಡಿಸಲು ನಿಂತಿದ್ದವರು ತಮ್ಮ ಸಹಿ ನೋಡಿ ನಕ್ಕೆ ಅಂದುಕೊಂಡರು.

ಎಲ್ಲರದೂ ಎರಡೆರಡು ಸಲ ಓದಿದೆ. ಸ್ವಲ್ಪ ದಿನ ಬಿಟ್ಟು ಬಂದು ಹೇಳುತ್ತೇನೆ.

ಮಂಡಿ_ಗುಮಾಸ್ತ:

ಅಕ್ಕಾ, ಏನಾಯ್ತು? ಹದಿನೈದು ದಿನ ಆಯಿತು. ಪೆಟ್ಟಿಗೆ ಇಳಿಯಿತಾ?

ಹಳೇ_ಪೆಟ್ಟಿಗೆ:

ಇಳಿಯಿತು. ಮೂರು ವಾರಕ್ಕೆ ಹತ್ತಿರ ಆಗುತ್ತಾ ಬಂತು, ಪೂರ್ತಿ ಹೇಳಿಬಿಡುತ್ತೇನೆ.

ಇಳಿಸಲು ಯಜಮಾನರನ್ನು ಕರೆದೆ. “ಈಗ ಯಾಕೆ, ಪರೀಕ್ಷೆ ಮುಗೀಲಿ” ಅಂದರು. ಬಾರಿಸುವುದು ಪರೀಕ್ಷೆ ಮುಗಿದ ಮೇಲೇ, ಇಳಿಸುವುದು ಇವತ್ತು ಅಂದೆ. ಇಳಿಸಿದರು. ದಿವಾನದ ಪಕ್ಕ ಹಳೇ ಟೀಪಾಯಿ ಮೇಲೆ ಇಟ್ಟೆವು. ತಿದಿ_ರೀಡು ಅಣ್ಣ ಹೇಳಿದ ಹಾಗೆ ತಿದಿ ನೋಡಿದೆ, ಗಾಳಿ ನಿಂತಿತು. ಐದು ಮನೆ ಮೂಕ. ಮಗನ ಡ್ರಾಯಿಂಗ್ ಬ್ರಷ್ಷಿನಲ್ಲಿ ಆಡಿಸಿದರೆ ನಾಲ್ಕು ಬಾಯಿ ಬಿಟ್ಟವು. ಒಳಗೆ ಒಂದು ಬಸ್ ಟಿಕೆಟ್ ಸಿಕ್ಕಿತು, ಅಕ್ಷರ ಎಲ್ಲಾ ಅಳಿಸಿ ಹೋಗಿದೆ. ಅಜ್ಜ ಯಾವ ಕೀ ಅಲುಗಾಡದ ಹಾಗೆ ಸಿಕ್ಕಿಸಿದ್ದರೋ ಏನೋ, ಅಲ್ಲೇ ವಾಪಸ್ ಇಟ್ಟೆ.

ಎರಡನೇ ದಿನಕ್ಕೆ ಪೆಟ್ಟಿಗೆಯ ಮೇಲೆ ಇಸ್ತ್ರಿ ಬಟ್ಟೆ. ಮೂರನೇ ದಿನಕ್ಕೆ ಮಗನ ಬ್ಯಾಗು, ಅತ್ತೆಯ ಕನ್ನಡಕ, ಕರೆಂಟ್ ಬಿಲ್ಲು. ಕೈಗೆ ಸಿಗುವ ಜಾಗ ಅಂದರೆ ಎಲ್ಲರ ಕೈಗೂ ಸಿಗುತ್ತದೆ ಅಂತ ಯಾರೂ ಹೇಳಲಿಲ್ಲ ನೀವು! ಎಲ್ಲಾ ತೆಗೆದು ದಿವಾನದ ಮೇಲೆ ಹಾಕಿದೆ, ಅವರವರದು ಅವರು ಎತ್ತಿಕೊಳ್ಳುವ ತನಕ ಕೂರಲು ಜಾಗ ಇಲ್ಲ. ಈಗ ಯಾರೂ ಇಡುತ್ತಿಲ್ಲ, ಅತ್ತೆ ಮಾತ್ರ ಕನ್ನಡಕ ಇಡುತ್ತಾರೆ. ಅದಕ್ಕೆ ನಾನು ಮಾತಾಡುವುದಿಲ್ಲ.

ಪರೀಕ್ಷೆ ಮುಗಿಯುವ ತನಕ ಕಾಯಬೇಕಾಗಲಿಲ್ಲ. ಮಗಳಿಗೆ ವಾರಕ್ಕೆ ಮೂರು ದಿನ ಸಂಜೆ ಆರೂವರೆಯಿಂದ ಎಂಟು ಟ್ಯೂಷನ್. ಆ ಹೊತ್ತು ಇಷ್ಟು ದಿನ ನಾನು ಏನು ಮಾಡುತ್ತಿದ್ದೆ ಅಂತ ಯೋಚಿಸಿದರೆ, ರಾತ್ರಿ ಅಡುಗೆ ಮತ್ತು ಆಫೀಸಿನ ಗ್ರೂಪಿಗೆ ಉತ್ತರ. ಅಕ್ಕನ ದಾರಿ ಹಿಡಿದು ಆ ಮೂರು ದಿನ ಅಡುಗೆ ಯಜಮಾನರಿಗೆ ಬಿಟ್ಟೆ. ಅವರಿಗೆ ಮಂಡಕ್ಕಿ ಬರುತ್ತದೆ, ಚಿತ್ರಾನ್ನ ಬರುತ್ತದೆ, ಮೂರನೆಯದು ಇನ್ನೂ ಗೊತ್ತಿಲ್ಲ. ಗ್ರೂಪನ್ನು ಮ್ಯೂಟ್ ಮಾಡಿದೆ. ಮ್ಯಾನೇಜರು ಒಮ್ಮೆ ಕೇಳಿದರು, ಸಂಜೆ ಕ್ಲಾಸಿಗೆ ಹೋಗುತ್ತೇನೆ ಸರ್ ಅಂದೆ. ಸುಳ್ಳೇನಲ್ಲ.

ಒಟ್ಟು ಒಂಬತ್ತು ಸಂಜೆ ಸಿಗಬೇಕಿತ್ತು, ಸಿಕ್ಕಿದ್ದು ಐದು. ಒಂದು ದಿನ ನೆಂಟರು, ಒಂದು ದಿನ ಜ್ವರ, ಎರಡು ದಿನ ಸುಮ್ನೆ ಬೇಜಾರು, ಫೋನು ನೋಡಿದೆ. ಬೆರಳು ಮರದ ಥರ ಆಗಿವೆ. ಭೂಪ್‌ನಲ್ಲಿ ಮ ಇಲ್ಲ, ನಿ ಇಲ್ಲ, ಐದೇ ಸ್ವರ, ಅದರಲ್ಲೂ ಅವರೋಹಣದಲ್ಲಿ ಎಡವುತ್ತೇನೆ. ನಾಲ್ಕನೇ ಸಂಜೆ ಮಾತ್ರ ಒಂದು ರಂಗಗೀತೆಯ ಪಲ್ಲವಿ ಬೆರಳಿಗೆ ತಾನಾಗಿ ಬಂತು. ನಾನು ನೆನಪಿಸಿಕೊಂಡಿರಲೇ ಇಲ್ಲ. ಅಡುಗೆಮನೆಯಿಂದ “ಅರಿಶಿನ ಎಲ್ಲಿದೆ?” ಅಂತ ಕೂಗಿದರು. ನಾನು ತಿದಿ ಬಿಡಲಿಲ್ಲ ಅಕ್ಕಾ.

ಗುಮಾಸ್ತ ಅಣ್ಣಾ, ಮುಂದಿನ ವರ್ಷದ ನಾಟಕಕ್ಕೆ ನಾನು ಹೂಂ ಅನ್ನುವುದಿಲ್ಲ, ಆದರೆ ಈ ವರ್ಷದ ತಾಲೀಮು ನೋಡಲು ಒಂದು ರಾತ್ರಿ ಬರಬಹುದಾ? ಮಾಸ್ತರರ ಪಕ್ಕ ಕೂರುತ್ತೇನೆ, ಅಷ್ಟೇ.

ತಿದಿ_ರೀಡು ಅಣ್ಣಾ, ಆ ಐದನೇ ಮನೆ ಇನ್ನೂ ಸರಿ ಹೋಗಿಲ್ಲ. ಕೆಳಗಿನ ಸಪ್ತಕದ ಬಿಳಿ ಮೂರು, ಅಂದರೆ ಮೂರನೇ ಬಿಳಿ ಕೀ. ಈಗ ಸದ್ದು ಬರುತ್ತದೆ, ಆದರೆ ಮೊದಲು ಸುಯ್ ಅಂದು ಆಮೇಲೆ ಸ್ವರ. ಬ್ರಷ್ಷು ಎರಡು ಸಲ ಆಡಿಸಿದೆ. ರೀಡು ಬಾಗಿರಬಹುದಾ, ಅಥವಾ ಕೀ ಕೆಳಗಿನ ಚರ್ಮ ಸವೆದಿರಬಹುದಾ? ನಾನೇ ಬಿಚ್ಚಲಾ, ಬೇಡವಾ?

ತಿದಿ_ರೀಡು:

ಬಿಚ್ಚಬೇಡಿ. ಪಕ್ಕದ ಬಿಳಿ ನಾಲ್ಕು ಒತ್ತಿದಾಗಲೂ ಹಾಗೇ ಸುಯ್ ಅನ್ನುತ್ತದಾ ನೋಡಿ ಹೇಳಿ, ಆಮೇಲೆ ನೋಡೋಣ.